ಯಂತ್ರಶೋಧ, ಬೈಬಲ್ ಅಧ್ಯಯನದಲ್ಲಿ

ಬೈಬಲಿನ ವಾಕ್ಯಗಳನ್ನು ಹುಡುಕಿ ವಿವರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳ ಬಳಕೆ. ಅವುಗಳ ವಿಶ್ವಾಸಾರ್ಹತೆ ಮತ್ತು ಒಲವುಗಳ ವಿಚಾರವೂ ಇದರಲ್ಲೇ ಸೇರುತ್ತದೆ. ಹಿಂದಿನ ಪದಾನುಕ್ರಮಣಿಕೆಗಳು (ಇಂಗ್ಲಿಷಿನಲ್ಲಿ ಕ್ರೂಡನ್ 1737, ಸ್ಟ್ರಾಂಗ್ 1890) ಪದವಿರುವ ಅಧ್ಯಾಯ, ವಚನಗಳನ್ನು ತೋರಿಸಿ ಸುಮ್ಮನಾಗುತ್ತಿದ್ದವು. ಈಗಿನ ಸಾಧನ ವಚನವನ್ನು ತಾನೇ ಆರಿಸುತ್ತದೆ, ಅರ್ಥವನ್ನೂ ತಾನೇ ಹೇಳುತ್ತದೆ. ಒಲವು ಬಹುಮಟ್ಟಿಗೆ ನುಸುಳುವುದು ಈ ಆಯ್ಕೆಯ ಹಂತದಲ್ಲಿ.

ಕನ್ನಡ ಪಠ್ಯಗಳು

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದ ಕೈಗೊಂಡ. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ಮುಂದಿನ ಪರಿಷ್ಕರಣೆಯಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರು ದುಡಿದರು. ಇಂದು ಆ ಪರಂಪರೆಯ ‘ಸತ್ಯವೇದ’ದ ಜೊತೆಗೆ ಸರಳ ಕನ್ನಡದ ಅನುವಾದಗಳೂ ಕ್ಯಾಥೊಲಿಕ್ ಆವೃತ್ತಿಯೂ ಬಳಕೆಯಲ್ಲಿವೆ. ಪ್ರಾಟೆಸ್ಟೆಂಟರಿಗೆ 66 ಪುಸ್ತಕಗಳು, ಕ್ಯಾಥೊಲಿಕರಿಗೆ 73. ಮಲಾಕಿಯನ ಗ್ರಂಥಕ್ಕೆ ಹೀಬ್ರೂವಿನಲ್ಲಿ 3 ಅಧ್ಯಾಯ, ಕನ್ನಡ ಸತ್ಯವೇದದಲ್ಲಿ 4. ನಮ್ಮ 23ನೆಯ ಕೀರ್ತನೆ ಗ್ರೀಕ್ ಎಣಿಕೆಯಲ್ಲಿ 22. ಯಾವ ಆವೃತ್ತಿಯೆಂದು ಹೇಳದೆ ವಚನಸಂಖ್ಯೆ ಕೊಡುವ ಸಾಧನದ ಉತ್ತರ ಅರ್ಧ ಉತ್ತರವಷ್ಟೆ.

ಸಿದ್ದಾಪುರದ ನಿದರ್ಶನ

ಆ ಬೆಂಜಮಿನ್ ರೈಸ್‌ನ ಮಗನೇ ಶಾಸನತಜ್ಞ ಬಿ. ಎಲ್. ರೈಸ್. ಬೈಬಲ್ ಶೋಧದ ಲೇಖನದಲ್ಲಿ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಿಗೇನು ಕೆಲಸ ಎನಿಸಬಹುದು. ಆದರೆ ಒಂದೇ ಪಠ್ಯದ ಹಲವು ಪ್ರತಿಗಳನ್ನು ಹೇಗೆ ಓದಬೇಕೆಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಇರುವ ಅಶೋಕನ ಕಿರುಬಂಡೆ ಶಾಸನಗಳನ್ನು ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ (ಹಿರಿಯ ಅಧಿಕಾರಿಗಳಿಗೆ) ಕಳುಹಿಸಿದ ಒಕ್ಕಣೆ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಬ್ರಹ್ಮಗಿರಿಯ ಪ್ರತಿ ಹೆಚ್ಚು ಪೂರ್ಣವಾಗಿದೆ. ಜಟಿಂಗ ರಾಮೇಶ್ವರದ್ದು ತೀರ ಸವೆದಿದೆ.

1925ರಲ್ಲಿ ಶಾಸನತಜ್ಞ ಹುಲ್ಟ್ಶ್ ಈ ಮೂರನ್ನೂ ಸಂಪಾದಿಸುವಾಗ ಒಂದರೊಳಗೊಂದು ಬೆರೆಸಲಿಲ್ಲ. ಪ್ರತಿಯೊಂದರ ಪಾಠವನ್ನೂ ಬೇರೆಯಾಗಿ, ಅಳಿದ ಅಕ್ಷರಗಳನ್ನು ಗುರುತು ಮಾಡಿ ಅಚ್ಚುಹಾಕಿದರು. ಇದರಿಂದಾಗಿ ಓದುಗ ಸಂಪಾದಕನ ಊಹೆಯನ್ನು ಬಂಡೆಯ ಅಕ್ಷರದಿಂದ ಬೇರ್ಪಡಿಸಿ ನೋಡಬಲ್ಲ. ಶಾಸನದ 256 ಎಂಬ ಅಂಕೆಯನ್ನು ಬ್ಯೂಲರ್‌ನಂಥ ವಿದ್ವಾಂಸ ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಓದಿದ್ದ. ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂಬುದು ಈಗ ಹೆಚ್ಚಿನವರು ಒಪ್ಪುವ ಅರ್ಥ. ಮೂಲಪಾಠ ಕಣ್ಣ ಮುಂದಿದ್ದುದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು. ಯಂತ್ರಶೋಧ ಸಾಮಾನ್ಯವಾಗಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ: ಹಲವು ಅನುವಾದ, ಟೀಕೆಗಳನ್ನು ಕರಗಿಸಿ ನಯವಾದ ಒಂದು ಪ್ಯಾರಾ ಕೊಡುತ್ತದೆ. ಮಾರ್ಕನ 16ನೆಯ ಅಧ್ಯಾಯದ 9ರಿಂದ 20ರ ವಚನಗಳು ಅತಿ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲವೆಂಬಂಥ ಸಂಗತಿ ಅಂಥ ಪ್ಯಾರಾದಲ್ಲಿ ಸುಲಭವಾಗಿ ಕಳೆದುಹೋಗುತ್ತದೆ.

ಒಲವಿನ ಮೂಲಗಳು

ಹಕ್ಕುಸ್ವಾಮ್ಯ ಮುಗಿದ ಇಂಗ್ಲಿಷ್ ಗ್ರಂಥಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಹೀಗಾಗಿ 1611ರ ಕಿಂಗ್ ಜೇಮ್ಸ್ ಅನುವಾದಕ್ಕೂ 18ನೆಯ ಶತಮಾನದ ಮ್ಯಾಥ್ಯೂ ಹೆನ್ರಿಯ ವ್ಯಾಖ್ಯಾನಕ್ಕೂ ಅವುಗಳ ವಿದ್ವತ್ತಿಗೆ ಮೀರಿದ ತೂಕ ಬರುವ ಸಂಭವವಿದೆ. ಕನ್ನಡದಲ್ಲಿ ಪ್ರಶ್ನೆ ಕೇಳಿದರೂ ಉತ್ತರದ ಬೇರು ಅಲ್ಲಿರಬಹುದು.

ಭಾಷೆಯ ತೊಡಕು ಬೇರೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷಿನದಕ್ಕೆ 1. ಇಂಗ್ಲಿಷ್ ಹೆಚ್ಚಾಗಿರುವ ಪಠ್ಯದಿಂದ ಕಲಿತ ಮಾದರಿ ಕನ್ನಡ ಪದವನ್ನು ಟೋಕನ್ ಎಂಬ ಸಣ್ಣ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ‘ದೇವರಲ್ಲಿ’, ‘ದೇವರಿಗೋಸ್ಕರ’, ‘ದೇವರಿಂದಲೇ’ ಇವುಗಳ ನಂಟು ಇಡೀ ಪದವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಶೋಧಕ್ಕೆ ಸಿಗದು. ಅರ್ಥದ ಹೋಲಿಕೆಯಿಂದ ಹುಡುಕುವ ಶೋಧಕ್ಕೆ ಸಿಗುತ್ತದೆ. ಆದರೆ ಅದು ಸಮೀಪದ ವಚನವನ್ನೇ ಕೇಳಿದ ವಚನವೆಂದು ಒಪ್ಪಿಸುವುದುಂಟು. ಇಲ್ಲದ ವಚನವನ್ನು ಸತ್ಯವೇದದ ಧಾಟಿಯಲ್ಲೇ ಹೆಣೆದುಕೊಡುವುದು ಇನ್ನೂ ಗಂಭೀರ ದೋಷ.

ಪರೀಕ್ಷೆ

ಆವೃತ್ತಿಯ ಹೆಸರು, ವಚನಸಂಖ್ಯೆ, ಮೂಲಪುಟದ ಕೊಂಡಿ ಈ ಮೂರನ್ನೂ ಕೊಡುವ ಸಾಧನವನ್ನು ಅಚ್ಚಿನ ಪ್ರತಿಯೊಂದಿಗೆ ತಾಳೆ ನೋಡಬಹುದು. ಇನ್ನೊಂದು ಎಚ್ಚರ ಅಗತ್ಯ. 2023ರಲ್ಲಿ ಮೆಟಾ ಕಂಪನಿ 1,100ಕ್ಕೂ ಹೆಚ್ಚು ಭಾಷೆಗಳ ಮಾತನ್ನು ಯಂತ್ರಕ್ಕೆ ಕಲಿಸಿದ್ದು ಬಹುಪಾಲು ಹೊಸ ಒಡಂಬಡಿಕೆಯ ಧ್ವನಿಮುದ್ರಣಗಳಿಂದ. ಹಾಗಾಗಿ ಬೈಬಲಿನ ವಾಕ್ಯಗಳಲ್ಲಿ ಯಂತ್ರ ತೋರುವ ಜಾಣತನದ ಎಷ್ಟು ಪಾಲು ಕಂಠಪಾಠ ಎಂಬುದನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.