ಪ್ಲೈವುಡ್ ಕುರ್ಚಿಯೊಂದರ ಕರ್ತೃತ್ವವಿಚಾರ

ಗ್ರಂಥಕರ್ತೃಗಳ ನಿರ್ಣಯದಲ್ಲಿ ನುರಿತ ವಾಚಕರಿಗೆ ಒಂದು ಕುರ್ಚಿಯ ಕರ್ತೃವನ್ನು ಅರಸಹೊರಡುವುದು ವಿಚಿತ್ರವಾಗಿ ತೋರಬಹುದು. ಆದರೆ ಪ್ರಮಾಣಗಳನ್ನು ತೂಗಿ ನೋಡುವ ಕ್ರಮವು ಎರಡೆಡೆಯಲ್ಲಿಯೂ ಒಂದೇ. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಅಚ್ಚಿನಲ್ಲಿ ಬಾಗಿಸಿದ ಪ್ಲೈವುಡ್ಡಿನ ಕುರ್ಚಿ ಮೊದಲಾದುವನ್ನು ಪ್ರದರ್ಶನಕ್ಕಿಟ್ಟು, ಅವು ಚಾರ್ಲ್ಸ್ ಈಮ್ಸ್ ಎಂಬಾತನ ರಚನೆಗಳೆಂದು ಸಾರಿತು. ಈ ಉಕ್ತಿಯು ಎಷ್ಟರ ಮಟ್ಟಿಗೆ ಗ್ರಾಹ್ಯ?

ಮರವನ್ನು ಬಾಗಿಸುವ ವಿದ್ಯೆಯು ಆತನಿಗಿಂತ ಹಳೆಯದು. ಥೋನೆಟ್ಟನ ಪ್ರಸಿದ್ಧವಾದ 14ನೆಯ ಅಂಕದ ಕುರ್ಚಿಯು 1859ರದು. ಫಿನ್ಲೆಂಡಿನ ಆಲ್ವಾರ್ ಆಲ್ಟೋ 1930ರ ದಶಕದ ಆದಿಯಲ್ಲಿ ಪೈಮಿಯೋ ಕ್ಷಯಾರೋಗ್ಯಧಾಮಕ್ಕಾಗಿ ಪ್ಲೈವುಡ್ಡನ್ನು ಸುರುಳಿಯಾಗಿ ಬಾಗಿಸಿದನು. ಆದರೆ ಇವೆಲ್ಲ ಚಾಪೆಯನ್ನು ಸುತ್ತಿದಂತೆ ಒಂದೇ ದಿಕ್ಕಿನ ಬಾಗುಗಳು. ಬೋಗುಣಿಯಂತೆ ಎರಡು ದಿಕ್ಕುಗಳಲ್ಲಿಯೂ ತಗ್ಗಾಗುವ ಆಕಾರಕ್ಕೆ ಮರದ ಎಳೆಗಳು ಸುಲಭವಾಗಿ ಒಗ್ಗವು, ಸೀಳಿಹೋಗುತ್ತವೆ.

ಅದೇ ಸಂಗ್ರಹಾಲಯದ 1940ರ ಸ್ಪರ್ಧೆಯಲ್ಲಿ ಈಮ್ಸನೂ ಏರೋ ಸಾರಿನೆನ್ನನೂ ಗೆದ್ದದ್ದು ಇಂಥ ಆಕಾರದಿಂದಲೇ. ಆದರೆ ಮರವು ಬಿರಿದುದರಿಂದ ಅದನ್ನು ಬಟ್ಟೆಯಿಂದ ಮರೆಮಾಡಬೇಕಾಯಿತು. 1941ರಲ್ಲಿ ಈಮ್ಸನು ಚಿತ್ರಕಲಾವಿದೆಯಾದ ರೇ ಕೈಸರಳನ್ನು ವರಿಸಿ ಲಾಸ್ ಏಂಜಲಿಸ್ ನಗರಕ್ಕೆ ಬಂದನು. ದಂಪತಿಗಳು ತಮ್ಮ ಬಾಡಿಗೆಯ ಮನೆಯಲ್ಲಿಯೇ ಒಂದು ಯಂತ್ರವನ್ನು ಕಟ್ಟಿದರು: ಪ್ಲಾಸ್ಟರಿನ ಅಚ್ಚು, ಕಾಯಿಸಲು ವಿದ್ಯುತ್ತು, ಅಂಟು ಬಳಿದ ತೆಳುಪದರಗಳನ್ನು ಅಚ್ಚಿಗೆ ಒತ್ತಲು ಬೈಸಿಕಲ್ಲಿನ ಗಾಳಿಪಂಪು! ಮುಂದೆ ಅಮೆರಿಕದ ನೌಕಾದಳಕ್ಕಾಗಿ, ಮುರಿದ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆಗಳನ್ನು ನಿರ್ಮಿಸಿದರು. ಸುಮಾರು 1,50,000 ದಬ್ಬೆಗಳು ತಯಾರಾದುವು. ಅವುಗಳಲ್ಲಿ ಕೊರೆದ ಕಂಡಿಗಳು ಪಟ್ಟಿ ಕಟ್ಟಲು ಒದಗುವುದಲ್ಲದೆ ಮರದ ಬಿಗಿತವನ್ನೂ ಸಡಿಲಿಸುತ್ತಿದ್ದುವು.

ಈ ಕುರ್ಚಿಯು ಯುದ್ಧದ ಶಿಶುವೆಂಬ ಮಾತು ಹಾಗಾದರೆ ಅರ್ಧಸತ್ಯ. ಆಶಯವು ದಬ್ಬೆಗಿಂತ ಮೊದಲಿನದು, ಯುದ್ಧವು ಕೊಟ್ಟದ್ದು ಕೈಪಳಗಿಕೆ. ಯುದ್ಧಾನಂತರವೂ ಪೀಠವನ್ನೂ ಬೆನ್ನೊರಗನ್ನೂ ಒಂದೇ ಚಿಪ್ಪಾಗಿಸುವುದು ಕೈಗೂಡಲಿಲ್ಲ. ಕಡೆಗೆ ಅವನ್ನು ಬೇರ್ಪಡಿಸಿ ರಬ್ಬರಿನ ಬಿಲ್ಲೆಗಳ ಮೂಲಕ ಚೌಕಟ್ಟಿಗೆ ಜೋಡಿಸಿದರು. ರಸಿಕರು ಇಂದು ಲಾಘವವೆಂದು ಕೊಂಡಾಡುವ ಆ ಬಿಡುವು ವಾಸ್ತವವಾಗಿ ಸೋಲಿನ ಫಲ. ಡೆನ್ಮಾರ್ಕಿನ ಆರ್ನೆ ಯಾಕೊಬ್ಸೆನ್ 1952ರಲ್ಲಿ ನಡುವನ್ನು ಕಿರಿದಾಗಿಸಿ, ಪೀಠ ಮತ್ತು ಒರಗುಗಳನ್ನು ಒಂದೇ ಹಲಗೆಯಲ್ಲಿ ಸಾಧಿಸಿದನು.

ಇನ್ನು ಕರ್ತೃತ್ವ. ಯಂತ್ರವು ದಂಪತಿಗಳಿಬ್ಬರದು, ರೇ ಇದೇ ವಿಧಾನದಿಂದ ಪ್ಲೈವುಡ್ ಶಿಲ್ಪಗಳನ್ನೂ ರಚಿಸಿದ್ದಳು. ಅವರ ಕಾರ್ಯಾಗಾರದಲ್ಲಿ ಹ್ಯಾರಿ ಬರ್ಟೋಯಾ, ಹರ್ಬರ್ಟ್ ಮ್ಯಾಟರ್ ಮೊದಲಾದವರು ದುಡಿದಿದ್ದರು. ಪ್ರದರ್ಶನದ ಶೀರ್ಷಿಕೆಯಲ್ಲಿ ಇವರಾರೂ ಇಲ್ಲ. ಅಂಕಿತವೊಂದೇ ಕರ್ತೃತ್ವಕ್ಕೆ ಸಾಲದೆಂಬುದನ್ನು ವಚನಗಳನ್ನೂ ಕೀರ್ತನೆಗಳನ್ನೂ ಸಂಪಾದಿಸಿದವರು ಬಲ್ಲರು. ಸಂಗ್ರಹಾಲಯದ ಉಕ್ತಿಯನ್ನೂ ಅಂತೆಯೇ ಎಣಿಸತಕ್ಕದ್ದು.

ಭಾರತ ಸರ್ಕಾರದ ಆಹ್ವಾನದ ಮೇರೆಗೆ ಸಿದ್ಧವಾಗಿ, 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ ಕಾರಣವಾದ 1958ರ ವರದಿಯಲ್ಲಾದರೋ ಚಾರ್ಲ್ಸ್ ಮತ್ತು ರೇ ಎಂಬ ಎರಡು ಹೆಸರುಗಳೂ ಇವೆ.