ಗೇಮಿಂಗ್ ಕಾರ್ನರ್: ಆಟದ ಸಲಹೆ ಗೆಳೆಯರಿಂದ, ಕೋಣೆಯ ಅಳತೆ ನಿಮ್ಮಿಂದ, ಖರೀದಿಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಇಂದಾಪುರ (ಪುಣೆ ಜಿಲ್ಲೆ): ಯಾವ ಗೇಮ್ ಕೊಳ್ಳಲಿ? ಟಿವಿ ಎಷ್ಟು ಇಂಚಿನದು ಇರಲಿ? ಗೋಡೆಗೆ ಯಾವ ಬಣ್ಣ, ಎಲ್‌ಇಡಿ ಪಟ್ಟಿ ಎಲ್ಲಿ? ಗೇಮ್ ಆಡುವವರು ಇಂಥ ಪ್ರಶ್ನೆಗಳನ್ನು ಅಂಗಡಿಯವರಿಗಿಂತ ಮೊದಲು ತಮ್ಮ ಜೊತೆ ಆಡುವ ಗೆಳೆಯರನ್ನೇ ಕೇಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಆಟದ ವಿಚಾರದಲ್ಲಿ ಸರಿಯಾದ ಸಲಹೆ ಮನೆಯ ವಿಚಾರದಲ್ಲೂ ಸರಿಯಾಗಿರಬೇಕೆಂದಿಲ್ಲ. ಸಲಹೆ ಕೊಟ್ಟವರ ಊರಿನ ಹವೆ, ಕರೆಂಟು, ಕೋಣೆ ಎಲ್ಲವೂ ಬೇರೆ. ಹಣ ಹೋಗುವುದು ನಿಮ್ಮದು, ಬಿಸಿಲಿಗೆ ಕಾಯುವುದು ನಿಮ್ಮ ಕನ್ಸೋಲ್.

ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿರುವ ಇಂದಾಪುರ ಇದಕ್ಕೆ ಒಳ್ಳೆಯ ಉದಾಹರಣೆ. ಪುಣೆ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಈ ತಾಲೂಕು ಮಳೆನೆರಳಿನ ಪ್ರದೇಶ. ಉತ್ತರಕ್ಕೆ ಭೀಮಾ ನದಿಯ ಉಜನಿ ಜಲಾಶಯ, ದಕ್ಷಿಣಕ್ಕೆ ನೀರಾ ನದಿ. ಎರಡೂ ನದಿಗಳು ಇದೇ ತಾಲೂಕಿನ ನೀರಾ ನರಸಿಂಹಪುರದಲ್ಲಿ ಸೇರುತ್ತವೆ. ಅಲ್ಲಿಂದ ಭೀಮಾ ಪಂಢರಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ನದಿಯ ಉದ್ದಕ್ಕೂ ಬೇಸಿಗೆಯ ಬಿಸಿಲು, ಧೂಳು, ಕಾದ ತಾರಸಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಂದಾಪುರದ ಕೋಣೆಗೆ ಹೊಂದುವ ಲೆಕ್ಕ ಇಂಡಿ, ಅಫಜಲಪುರದ ಕೋಣೆಗೂ ಹೊಂದುತ್ತದೆ.

ಆಟದಲ್ಲೇ ಮನೆ ಕಟ್ಟುವವರು

ಗೇಮ್‌ಗೂ ಮನೆ ಅಲಂಕಾರಕ್ಕೂ ಇರುವ ನಂಟು ಹೊಸದಲ್ಲ. 1991ರ ಅಕ್ಟೋಬರ್‌ನಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಬೆಟ್ಟಗಳಲ್ಲಿ ಹಬ್ಬಿದ ಬೆಂಕಿಯಲ್ಲಿ ಗೇಮ್ ವಿನ್ಯಾಸಕ ವಿಲ್ ರೈಟ್ ತಮ್ಮ ಮನೆ ಕಳೆದುಕೊಂಡರು. ಮತ್ತೆ ಮನೆ ಹೂಡುವಾಗ ಯಾವ ವಸ್ತು ನಿಜವಾಗಿ ಬೇಕು, ಯಾವುದು ಬೇಡ ಎಂದು ಯೋಚಿಸಿದ್ದೇ 'ದಿ ಸಿಮ್ಸ್' ಗೇಮ್‌ಗೆ ಬೀಜವಾಯಿತು. 2000ದ ಫೆಬ್ರವರಿಯಲ್ಲಿ ಬಂದ ಈ ಗೇಮ್‌ನಲ್ಲಿ ಗೋಡೆ ಎಬ್ಬಿಸಿ, ಕುರ್ಚಿ ಮಂಚ ಜೋಡಿಸುವುದೇ ದೊಡ್ಡ ಆಟ. 2008ರಲ್ಲಿ 'ದಿ ಸಿಮ್ಸ್ 2'ಕ್ಕೆ ಐಕಿಯಾ ಕಂಪನಿಯ ಪೀಠೋಪಕರಣಗಳೂ ಬಂದವು.

ಆಮೇಲೆ ಇಂಥ ಗೇಮ್‌ಗಳು ಸಾಲುಗಟ್ಟಿದವು. ಹಳೆ ಮನೆ ಕೊಂಡು ದುರಸ್ತಿ ಮಾಡಿ ಮಾರುವ 'ಹೌಸ್ ಫ್ಲಿಪ್ಪರ್' 2018ರಲ್ಲಿ ಬಂತು. ಲಾಕ್‌ಡೌನ್ ಶುರುವಾದ 2020ರ ಮಾರ್ಚ್‌ನಲ್ಲಿ ಬಂದ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಮನೆಯೊಳಗೆ ಕುಳಿತ ಲಕ್ಷಾಂತರ ಜನರಿಗೆ ಇನ್ನೊಂದು ಮನೆ ಕೊಟ್ಟಿತು. ರಟ್ಟಿನ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವ 'ಅನ್‌ಪ್ಯಾಕಿಂಗ್' 2021ರಲ್ಲಿ ಬಂತು. ಮನೆ ಬದಲಿಸಿದ ಯಾರಿಗಾದರೂ ಅದರ ಸುಖದುಃಖ ಗೊತ್ತಾಗುತ್ತದೆ.

ಈ ಗೇಮ್‌ಗಳು ಖರ್ಚಿಗೆ ಮುಂಚಿನ ತಾಲೀಮಾಗಿಯೂ ಒದಗುತ್ತವೆ. 'ದಿ ಸಿಮ್ಸ್ 4'ರ ಮೂಲ ಆವೃತ್ತಿ 2022ರ ಅಕ್ಟೋಬರ್‌ನಿಂದ ಉಚಿತ. 'ಮೈನ್‌ಕ್ರಾಫ್ಟ್'ನಲ್ಲಿ ಒಂದು ಇಟ್ಟಿಗೆ ಎಂದರೆ ಒಂದು ಮೀಟರ್. ನಿಮ್ಮ 10x12 ಅಡಿಯ ಕೋಣೆ ಅಲ್ಲಿ ಸುಮಾರು 3x4 ಇಟ್ಟಿಗೆಯಷ್ಟೇ! ದೊಡ್ಡ ಟೇಬಲ್, ಸೋಫಾ, ಗೇಮಿಂಗ್ ಕುರ್ಚಿ ಮೂರೂ ಹಿಡಿಸುವುದಿಲ್ಲ ಎಂಬುದು ಪರದೆಯ ಮೇಲೆಯೇ ತಿಳಿಯುತ್ತದೆ.

ಗೆಳೆಯರ ಮಾತು ಎಲ್ಲಿಯವರೆಗೆ?

ಗೇಮ್ ಹೇಗಿದೆ, ಎಷ್ಟು ಗಂಟೆಯ ಆಟ, ಮಕ್ಕಳಿಗೆ ಸರಿಯೇ, ಹಳೆ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆಯೇ ಎಂಬುದಕ್ಕೆ ಆಡಿದವರ ಮಾತಿಗಿಂತ ಒಳ್ಳೆಯ ಆಧಾರವಿಲ್ಲ. ಆದರೂ ರುಚಿ ಅವರವರದು. ಸ್ಟೀಮ್ ಮಳಿಗೆಯಲ್ಲಿ ಕೊಂಡ ಗೇಮ್ ಇಷ್ಟವಾಗದಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಮಳಿಗೆಯಲ್ಲೂ 14 ದಿನದ ಅವಕಾಶವಿದೆ, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು.

ಟಿವಿ, ಟೇಬಲ್, ಗೋಡೆಯ ವಿಷಯಕ್ಕೆ ಬಂದಾಗ ಮಾತ್ರ ಸಲಹೆಯನ್ನು ನಿಮ್ಮ ಮನೆಗೆ ಹೊಂದಿಸಿ ನೋಡಬೇಕು. ನೋಡಬೇಕಾದದ್ದು ಮುಖ್ಯವಾಗಿ ನಾಲ್ಕು: ಬಿಸಿ, ಕರೆಂಟು, ದೂರ, ಗೋಡೆ.

1. ಬಿಸಿ: ಶೋಕೇಸ್ ಬೇಡ

ಪ್ಲೇಸ್ಟೇಷನ್ 5 ಕೆಲಸ ಮಾಡಲು ಕಂಪನಿ ಹೇಳುವ ಉಷ್ಣಾಂಶ 5ರಿಂದ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳಲ್ಲಿ ಭೀಮಾ ತೀರದ ಊರುಗಳಲ್ಲಿ ಹೊರಗಿನ ಬಿಸಿ 40 ಡಿಗ್ರಿ ದಾಟುತ್ತದೆ. ತಾರಸಿ ಕೆಳಗಿನ ಕೋಣೆ ಸಂಜೆಯಾದರೂ ತಣಿಯುವುದಿಲ್ಲ. ತಂಪು ದೇಶದ ಆಟಗಾರ ಇದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಆದ್ದರಿಂದ ಕನ್ಸೋಲನ್ನು ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಇಡಬೇಡಿ. ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರವಿರಲಿ. ಪಶ್ಚಿಮದ ಕಿಟಕಿಯ ಬಿಸಿಲು ನೇರವಾಗಿ ಬೀಳದಿರಲಿ. ಬೇಸಿಗೆಯಲ್ಲಿ ಮಧ್ಯಾಹ್ನದ ಬದಲು ಬೆಳಗ್ಗೆ ಅಥವಾ ರಾತ್ರಿ ಊಟದ ಮುಂಚೆ ಆಡುವುದು ಯಂತ್ರಕ್ಕೂ ಆಡುವವರಿಗೂ ಒಳ್ಳೆಯದು. ಆಡದಿದ್ದಾಗ ಹತ್ತಿಯ ಬಟ್ಟೆ ಹೊದಿಸಿದರೆ ಧೂಳು ಕೂರುವುದಿಲ್ಲ. ಆನ್ ಮಾಡುವ ಮುನ್ನ ಬಟ್ಟೆ ತೆಗೆಯಲೇಬೇಕು. ಬೆಚ್ಚಗಿನ ಯಂತ್ರದೊಳಗೆ ಜಿರಳೆ ಸೇರಿಕೊಳ್ಳುತ್ತದೆ, ಹಾಗಾಗಿ ಆಟದ ಮೂಲೆಯಲ್ಲಿ ತಿಂಡಿ ತಟ್ಟೆ ಬಿಡಬೇಡಿ.

2. ಕರೆಂಟು: ಬಿಲ್ಲೂ ಲೆಕ್ಕಕ್ಕೆ ಬರಲಿ

ದೊಡ್ಡ ಗೇಮ್ ಆಡುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ. ಟಿವಿಗೆ ಇನ್ನೊಂದು 100 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ 3 ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವ ಮನೆಗಳಿಗೆ ಇದು ಸಣ್ಣ ಸಂಖ್ಯೆಯಲ್ಲ. ಮನೆಗೆ ನಿಗದಿಯಾದ ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಹಾರಾಷ್ಟ್ರದಲ್ಲಿ 100 ಯೂನಿಟ್ ದಾಟಿದ ಬಳಕೆಗೆ ದರ ಏರುತ್ತದೆ.

ಕರೆಂಟು ಪದೇ ಪದೇ ಹೋಗುವ ಊರಲ್ಲಿ ಸಣ್ಣ ಯುಪಿಎಸ್ ಬೇಕು. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸಿನ ಹೊರೆಯನ್ನಷ್ಟೇ ತಾಳುತ್ತದೆ. ಟಿವಿ, ಕನ್ಸೋಲ್ ಎರಡೂ ಇದ್ದರೆ ಸಿಗುವುದು ಕೆಲವೇ ನಿಮಿಷ. ಆಟ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಅಷ್ಟು ಸಾಕು.

ಟಿವಿ, ಕನ್ಸೋಲ್, ಎಲ್‌ಇಡಿ ಪಟ್ಟಿ, ಚಾರ್ಜರ್‌ಗಳ ಜೊತೆಗೆ ಇಸ್ತ್ರಿಪೆಟ್ಟಿಗೆಯನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. 6 ಆಂಪಿಯರ್‌ನ ಸಾಕೆಟ್‌ಗೆ 230 ವೋಲ್ಟ್‌ನಲ್ಲಿ ಒಟ್ಟು 1,380 ವ್ಯಾಟ್ ಮಿತಿ. ಹಳೆ ಮನೆಯಾದರೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ. ಟಿವಿಯ ಲೋಹ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಬಳಕೆ ನಿಲ್ಲಿಸಿ, ತಕ್ಷಣ ಅವರನ್ನು ಕರೆಸಿ.

3. ದೂರ: ದೊಡ್ಡ ಟಿವಿಯೇ ಒಳ್ಳೆಯದಲ್ಲ

'ಸಾಧ್ಯವಾದಷ್ಟು ದೊಡ್ಡದು ತಗೊ' ಎಂಬುದು ಗೆಳೆಯರ ಮಾಮೂಲಿ ಮಾತು. ಪರದೆಯ ಕರ್ಣದ ಒಂದೂವರೆ ಪಟ್ಟು ದೂರದಲ್ಲಿ ಕೂರುವುದು ಸುಲಭದ ಸೂತ್ರ. 43 ಇಂಚಿನ ಟಿವಿಗೆ ಅದು ಸುಮಾರು ಐದೂವರೆ ಅಡಿ, 55 ಇಂಚಿಗೆ ಸುಮಾರು 7 ಅಡಿ. ಹತ್ತು ಅಡಿಯ ಕೋಣೆಯಲ್ಲಿ ಟಿವಿ ಸ್ಟ್ಯಾಂಡು, ದಿವಾನ ಕಳೆದರೆ ಉಳಿಯುವುದು ಆರು ಅಡಿ ಚಿಲ್ಲರೆ. ಅಲ್ಲಿಗೆ 43 ಇಂಚು ಸಾಕು. ಉಳಿದ ಹಣಕ್ಕೆ ಒಳ್ಳೆಯ ಕುರ್ಚಿ ಬರುತ್ತದೆ. ಕಂಪ್ಯೂಟರ್ ಮಾನಿಟರ್ ಆದರೆ ಒಂದು ತೋಳಿನ ದೂರವಿರಲಿ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಮಾನಿಟರ್‌ಗಳ ಮೇಲಿನ ಜಿಎಸ್‌ಟಿ ಶೇ.28ರಿಂದ ಶೇ.18ಕ್ಕೆ ಇಳಿದಿದೆ. ಹಳೆಯ ಬೆಲೆ ನೆನಪಿಟ್ಟು ಸಲಹೆ ಕೊಟ್ಟವರ ಲೆಕ್ಕವನ್ನು ಇವತ್ತಿನ ಬೆಲೆಗೆ ಹೋಲಿಸಿ ನೋಡಿ.

4. ಗೋಡೆ: ಡ್ರಿಲ್‌ಗೆ ಮುನ್ನ ಮಾಲೀಕರನ್ನು ಕೇಳಿ

ಬಾಡಿಗೆ ಮನೆಯಲ್ಲಿ ಗೋಡೆ ಕೊರೆದರೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಕಡಿತ ಖಚಿತ. ಮೊದಲೇ ಮಾಲೀಕರ ಒಪ್ಪಿಗೆ ಪಡೆಯಿರಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಇರಲಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ. ಗೋಡೆಯೊಳಗಿನ ವೈರ್ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಹೋಗಿರುತ್ತದೆ. ಉದುರುವ ಸುಣ್ಣದ ಗೋಡೆಗೆ ಟಿವಿ ನೇತುಹಾಕುವ ಬದಲು ಸ್ಟ್ಯಾಂಡ್ ಮೇಲೆ ಇಡುವುದೇ ಕ್ಷೇಮ. ಟಿವಿ ಹಿಂದಿನ ಗೋಡೆಗೆ ಮಿರುಗುವ ಬಣ್ಣ ಬೇಡ, ಬೆಳಕು ಪ್ರತಿಫಲಿಸದ ಮ್ಯಾಟ್ ಬಣ್ಣ ಕಣ್ಣಿಗೆ ಹಿತ.

ಅಲಂಕಾರ ಎಲ್ಲಿಂದಲೋ ತರಬೇಕಿಲ್ಲ

ಐಕಿಯಾ ಮತ್ತು ಏಸಸ್ ಕಂಪನಿಗಳು ಸೇರಿ 2021ರಲ್ಲಿ ಗೇಮಿಂಗ್ ಪೀಠೋಪಕರಣಗಳನ್ನೇ ತಂದವು. ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಐಕಿಯಾ ಮಳಿಗೆ ತೆರೆದಿದೆ. ಆದರೆ ಗೇಮಿಂಗ್ ಕೋಣೆ ಎಂದರೆ ಕಪ್ಪು ಕುರ್ಚಿ, ನೇರಳೆ ದೀಪ ಮಾತ್ರವಲ್ಲ. ಇಂದಾಪುರದಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಸಿಗುವ ಸೊಲ್ಲಾಪುರದ ಚಾದರ, ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬರಿ ನೆಲ, ಬರಿ ಗೋಡೆಯ ಕೋಣೆಯಲ್ಲಿ ಶಬ್ದ ಮಾರ್ದನಿಸುತ್ತದೆ. ನೆಲಕ್ಕೊಂದು ಜಮಖಾನ, ಕಿಟಕಿಗೊಂದು ದಪ್ಪ ಬಟ್ಟೆ ಹಾಕಿದರೆ ಶಬ್ದವೂ ತಗ್ಗುತ್ತದೆ, ಪರದೆಗೆ ಬೀಳುವ ಬೆಳಕೂ ತಗ್ಗುತ್ತದೆ.

ಗೋಡೆಯ ಚಿತ್ರಕ್ಕೂ ಹತ್ತಿರದ ಮಾದರಿ ಇದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಗೇಮ್ ಪಹಾಡಿ ಚಿತ್ರಕಲೆಯಿಂದ ಸ್ಫೂರ್ತಿ ಪಡೆದದ್ದು. ನಮ್ಮ ಕೋಣೆಯ ಗೋಡೆಗೆ ನಮ್ಮ ಚಿತ್ತಾರವೂ ಒಪ್ಪುತ್ತದೆ.

ಪಡಸಾಲೆಯೋ, ಮಲಗುವ ಕೋಣೆಯೋ?

ಮನೆಯಲ್ಲಿ ಜಗಳ ಶುರುವಾಗುವುದು ಬಹುತೇಕ ಇಲ್ಲಿಯೇ. ಪಡಸಾಲೆಯಲ್ಲಿ ಇಟ್ಟರೆ ಅಜ್ಜಿಯ ಧಾರಾವಾಹಿಗೆ ತೊಂದರೆ, ಮಲಗುವ ಕೋಣೆಯಲ್ಲಿ ಇಟ್ಟರೆ ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದೇ ತಿಳಿಯುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗವೇ ಉತ್ತಮ. ಆಡುವ ಹೊತ್ತನ್ನು ಮೊದಲೇ ಮಾತಾಡಿಕೊಂಡು, ಹೆಡ್‌ಫೋನ್ ಬಳಸಿದರೆ ಅರ್ಧ ಜಗಳ ಕಡಿಮೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿದರೆ ಕಣ್ಣಿನ ದಣಿವು ತಗ್ಗುತ್ತದೆ.

ಆಟದ ಹಿಡಿತ ತಪ್ಪಿ ಓದು, ನಿದ್ದೆ, ಊಟ ಕೆಡುತ್ತಿದ್ದರೆ ಅದನ್ನು ಹಠ ಎಂದು ತಳ್ಳಿಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, 2022ರ ಜನವರಿ 1ರಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭವಾಗಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಪ್ರಶ್ನೆ ಕೇಳುವ ಕ್ರಮ ಹೀಗಿರಲಿ

'ಒಳ್ಳೆ ಸೆಟಪ್ ಹೇಳಿ' ಎಂದರೆ ಬರುವ ಉತ್ತರವೂ ಹಾಗೇ ಇರುತ್ತದೆ. ಹೀಗೆ ಕೇಳಿ ನೋಡಿ: 'ಕೋಣೆ 10x12 ಅಡಿ, ಮೇಲೆ ತಾರಸಿ, ಪಶ್ಚಿಮಕ್ಕೆ ಕಿಟಕಿ. ಬೇಸಿಗೆಯಲ್ಲಿ ಎಸಿ ಇಲ್ಲ. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ. ದಿನಕ್ಕೆ ಒಂದೆರಡು ಸಲ ಕರೆಂಟು ಹೋಗುತ್ತದೆ. ಆಡುವವರು ಇಬ್ಬರು, ಒಬ್ಬರಿಗೆ 11 ವರ್ಷ. ಟಿವಿ, ಟೇಬಲ್ ಸೇರಿ ಬಜೆಟ್ 40 ಸಾವಿರ. ಏನು ಮೊದಲು ಕೊಳ್ಳಲಿ, ಏನು ಬೇಡ?' ಕೊನೆಯ ಎರಡು ಪದ ಮುಖ್ಯ. ಏನು ಬೇಡ ಎಂದು ಹೇಳಬಲ್ಲವರು ಆ ವಸ್ತುವನ್ನು ನಿಜವಾಗಿ ಬಳಸಿದವರು. ಒಂದೇ ಬ್ರ್ಯಾಂಡ್, ಒಂದೇ ಲಿಂಕ್ ಒತ್ತಿ ಹೇಳುವವರ ಬಗ್ಗೆ ಎಚ್ಚರವಿರಲಿ.

ಫೋಟೊ, ಲಿಂಕ್: ಇಲ್ಲಿ ಎಚ್ಚರ

ಸಲಹೆಗಾಗಿ ಕೋಣೆಯ ಫೋಟೊ ಕಳಿಸುವಾಗ ಮನೆ ನಂಬರ್, ಕೊರಿಯರ್ ಪೆಟ್ಟಿಗೆಯ ವಿಳಾಸ, ಮಕ್ಕಳ ಶಾಲೆಯ ಐಡಿ, ವೈಫೈ ಪಾಸ್‌ವರ್ಡ್ ಚೀಟಿ ಕಾಣದಂತೆ ನೋಡಿಕೊಳ್ಳಿ. ಫೋಟೊದಲ್ಲಿ ಸೇರುವ ಲೊಕೇಷನ್ ಆಫ್ ಮಾಡಿ. ಮಕ್ಕಳು ಅಪರಿಚಿತರಿಗೆ ಮನೆಯ ಫೋಟೊ ಕಳಿಸದಿರಲಿ.

'ಈ ಗೇಮ್ ಆಡಿ, ಟಿವಿ ಹಣ ಗಳಿಸಿ' ಎಂಬ ಲಿಂಕ್ ಬಂದರೆ ಮುಟ್ಟಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ವಂಚನೆಯಾಗಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಖರೀದಿಗೆ ಹೊರಡುವ ಮುನ್ನ ಒಂದು ಟೇಪು, ಒಂದು ಚೀಟಿ, ಹಳೆಯ ಕರೆಂಟ್ ಬಿಲ್ ಮುಂದಿಟ್ಟುಕೊಂಡು ಕೋಣೆಯ ಉದ್ದ, ಅಗಲ, ಕೂರುವ ದೂರ, ಸಾಕೆಟ್‌ಗಳ ಸಂಖ್ಯೆ ಬರೆದುಕೊಳ್ಳಿ. ಆ ಚೀಟಿಗೆ ಹೊಂದುವ ಸಲಹೆ ಯಾರೇ ಕೊಟ್ಟರೂ ತೆಗೆದುಕೊಳ್ಳಿ. ಹೊಂದದ ಸಲಹೆ ಎಷ್ಟೇ ದೊಡ್ಡ ಆಟಗಾರನದ್ದಾದರೂ ಬಿಟ್ಟುಬಿಡಿ.