ಮುಖವಿಲ್ಲದ ಜಾಡಿಗಳು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 1760ರ ದಶಕದಿಂದ 'ಟೋಬಿ ಜಗ್' ಎಂಬ ಪಿಂಗಾಣಿ ಹೂಜಿಗಳು ತಯಾರಾದವು. ಮೂರು ಮೂಲೆಯ ಟೋಪಿ ಹಾಕಿ ಕೂತ ಕುಡುಕನೇ ಹೂಜಿ. 1934ರಲ್ಲಿ ರಾಯಲ್ ಡೌಲ್ಟನ್ ಕಂಪನಿಯ ಚಾರ್ಲ್ಸ್ ನೋಕ್ ಮೈ ಬಿಟ್ಟು ತಲೆಯನ್ನಷ್ಟೇ ಉಳಿಸಿಕೊಂಡ. ಅದು 'ಕ್ಯಾರೆಕ್ಟರ್ ಜಗ್'. ಸಂಗ್ರಹಿಸುವವರು ಇವುಗಳನ್ನು ಬೋರಲು ಮಾಡಿ ತಳದ ಮುದ್ರೆ ನೋಡುತ್ತಾರೆ, ಆಮೇಲೆ ಬಿರುಕು ಹುಡುಕುತ್ತಾರೆ.

ನಮ್ಮ ಹಾಸನ ಸೀಮೆಯ ಅಟ್ಟಗಳಲ್ಲಿರುವುದು ಇವುಗಳ ದೂರದ ದಾಯಾದಿ: ಮೇಲೆ ಕಂದು, ಕೆಳಗೆ ಬಿಳಿ ಬಣ್ಣದ ಉಪ್ಪಿನಕಾಯಿ ಜಾಡಿ. 1815ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಡೌಲ್ಟನ್ ಶುರುವಾದದ್ದೂ ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಇಂಥ ಪಾತ್ರೆಗಳಿಂದಲೇ. ಆಗ ಉರಿಯುವ ಗೂಡಿಗೆ ಉಪ್ಪೆರಚಿ ಮೆರುಗು ಬರಿಸುತ್ತಿದ್ದರು. 1835ರ ಸುಮಾರಿಗೆ ಬ್ರಿಸ್ಟಲ್‌ನಲ್ಲಿ ಅದ್ದಿ ತೆಗೆಯುವ ಮೆರುಗು ಬಂತು. ಜಾಡಿಯ ಎರಡು ಬಣ್ಣ ಆ ಅದ್ದುವಿಕೆಯ ಗುರುತು. ಹಾಗೆಂದು ಜಾಡಿಯೇ ಇಂಗ್ಲಿಷರದ್ದಲ್ಲ. ಉಪ್ಪು ಹಾಕಿದ ಮಾವಿನಕಾಯಿ ತುಂಬಿದ ದೊಡ್ಡ ಜಾಡಿಗಳ ಬಗ್ಗೆ 14ನೇ ಶತಮಾನದಲ್ಲೇ ಇಬ್ನ್ ಬತೂತ ಬರೆದಿದ್ದಾನೆ. ಹಿಂದಿಯವರು ಜಾಡಿಗೆ 'ಮರ್ತಬಾನ್' ಎನ್ನುವುದು ಬರ್ಮಾದ ಬಂದರೊಂದರ ಹೆಸರಿನಿಂದ.

ಚನ್ನರಾಯಪಟ್ಟಣದ ಗುಜರಿ ಅಂಗಡಿಯೊಂದರಲ್ಲಿ ಇಂಥ ಜಾಡಿಗಳನ್ನು ಆಸಿಡ್ ಹಾಕಿ ಉಜ್ಜುತ್ತಿದ್ದರು. ಹೋಮ್‌ಸ್ಟೇಯವರು ಕೊಂಡು ವಾರ್ಲಿ ಚಿತ್ರ ಬರೆಸುತ್ತಾರಂತೆ. ಚೆನ್ನಾಗಿಯೇ ಕಾಣುತ್ತವೆ, ಸುಳ್ಳೇಕೆ ಹೇಳಲಿ. ಆದರೆ ಕತ್ತಿನ ಹಗ್ಗದ ಗುರುತು, ಎಣ್ಣೆಯ ಕಲೆ ಎರಡೂ ಹೋಗಿರುತ್ತವೆ.

ಹಿತ್ತಾಳೆ ಪಾತ್ರೆಯ ಮೇಲಾದರೆ ಹೆಸರು ಕೆತ್ತಿಸುತ್ತಿದ್ದರು, ಯಾರ ಮದುವೆಗೆ ಯಾರು ಕೊಟ್ಟದ್ದೆಂದು ತಿಳಿಯುತ್ತದೆ. ಜಾಡಿಯ ಮೇಲೆ ಕೆತ್ತಲಾಗದು. ಅದರ ಚರಿತ್ರೆ ಬೇಕೆಂದರೆ ಬಳಸಿದವರನ್ನೇ ಕೇಳಬೇಕು.

ಮಡಿಯ ಸಂಪ್ರದಾಯದ ಪ್ರಕಾರ ಮೈಲಿಗೆಯಾದ ಲೋಹದ ಪಾತ್ರೆಯನ್ನು ಶುದ್ಧ ಮಾಡಬಹುದು, ತೀರಾ ಮೈಲಿಗೆಯಾದ ಮಣ್ಣಿನದನ್ನು ಬಿಸಾಡಬೇಕು. ಆದರೆ ಉಪ್ಪು, ಹುಳಿ ಹಿತ್ತಾಳೆಯನ್ನು ತಿನ್ನುತ್ತವೆ. ಮಣ್ಣಿನ ಮಡಕೆ ಒಸರುತ್ತದೆ. ಹೀಗೆ ಪರದೇಶದ ಪಿಂಗಾಣಿ ಮಡಿ ಅಡುಗೆಮನೆಯನ್ನು ಹೊಕ್ಕಿತು. ಪಿಂಗಾಣಿ ಕಪ್ಪನ್ನು ಒಳಗೆ ಬಿಡದ ಮನೆಗಳಲ್ಲೂ ಜಾಡಿ ಇತ್ತಲ್ಲ ಎಂದು ಹೊಳೆನರಸೀಪುರದ ಅಜ್ಜಿಯೊಬ್ಬರನ್ನು ಕೇಳಿದೆ. "ಕಪ್ಪು ಎಂಜಲಾಗತ್ತೆ ಕಣಮ್ಮ. ಜಾಡಿಗೆ ಯಾರು ಬಾಯಿ ಇಡ್ತಾರೆ?" ಎಂದರು. ಮುಟ್ಟಾದವರು ಮುಟ್ಟಿದರೆ ಬೂಸಲು ಹಿಡಿಯುತ್ತದೆಂದು ತಾವೂ ಮೂರು ದಿನ ಜಾಡಿಯ ಹತ್ತಿರ ಸುಳಿಯುತ್ತಿರಲಿಲ್ಲವಂತೆ.

ಅರಕಲಗೂಡಿನ ಕಡೆ ಜಮೀನುದಾರರ ಮನೆಯಲ್ಲಿ ಕೂಲಿ ಮಾಡುತ್ತಿದ್ದ ದಲಿತ ಮಹಿಳೆಗೆ ಮೂರು ದಿನದ ಲೆಕ್ಕವೇ ಇರಲಿಲ್ಲ. "ಮರದಿಂದ ಕಾಯಿ ಇಳಿಸಿದ್ದು ನಾವು, ಹಿತ್ತಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದ್ದು ನಾವು. ಜಾಡಿ ತೊಳಿಯಾಕೂ ಬಿಡ್ತಿರ್ಲಿಲ್ಲ ಕಣವ್ವ. ಉಪ್ಪಿನಕಾಯಿ ಕೇಳಿದ್ರೆ ಮೇಲಿಂದ ಎಲೆಗೆ ಹಾಕೋರು."

ಈಗ ಅವರ ಮನೆಯಲ್ಲೂ ಒಂದು ಜಾಡಿ ಇದೆ, ಹಾಸನದ ಸಂತೆಯಲ್ಲಿ ಕೊಂಡದ್ದು. ಅಂಚು ಚಕ್ಕೆ ಎದ್ದಿದೆ, ತಳದಲ್ಲಿ ಮುದ್ರೆಯಿಲ್ಲ. ಸಂಗ್ರಹಿಸುವವರಾರೂ ಅದನ್ನು ಕೊಳ್ಳಲಾರರು. ಮೊಮ್ಮಗಳು ಬಂದವಳೇ ಮುಚ್ಚಳ ತೆಗೆದು ನೇರ ಕೈ ಹಾಕಿದಳು. "ಚಮಚ ತಗಳೇ, ಬೂಸಲು ಬರತ್ತೆ" ಎಂದು ಅಜ್ಜಿ ಗದರಿದರು.